ಜೋಡಿ ಗುಂಡಿಯ ಜಾಗ

ಊಟಕ್ಕೆ ಕೂತಾಗ ಸೊಸೆ ಆ ಮಾತು ಆಡಬಾರದಿತ್ತು. ಆಡಿದಳು.

“ಹೊಸದು ಏನೇ ಬಿಟ್ರೂ ಜನ ಮೂರು ವಾರ ಬೊಗಳ್ತಾರೆ, ಆಮೇಲೆ ತಾವೇ ಸುಮ್ಮನಾಗ್ತಾರೆ ಅಂತಾರೆ ನಮ್ಮ ಮ್ಯಾನೇಜರು,” ಎಂದು ನಗುತ್ತ ಅನ್ನದ ಮೇಲೆ ಬೇಳೆ ಸುರಿದುಕೊಂಡಳು.

ಮಾವ ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

“ಯಾರಮ್ಮ ಬೊಗಳೋದು?”

“ಅಯ್ಯೋ, ನಿಮಗಲ್ಲ ಮಾವ. ಎಲ್ಲರಿಗೂ ಸೇರಿಸಿ ಅಂದೆ.”

“ಎಲ್ಲರಲ್ಲಿ ನಾನು ಇಲ್ವಾ? ಇವತ್ತು ಬೆಳಿಗ್ಗೆಯಿಂದ ಆ ಕಂಪ್ಯೂಟರ್ ಪರದೆ ಮುಂದೆ ಕೂತು ಬಯ್ದೋನು ನಾನು. ಹಾಗಾದ್ರೆ ನಾಯಿ ನಾನೇ ಆಯ್ತಲ್ಲ.”

“ರೀ, ತಿನ್ನೋ ಹೊತ್ತಲ್ಲಿ ಯಾಕೆ,” ಎಂದರು ಅತ್ತೆ.

“ನಾಯಿಗೆ ತಟ್ಟೆ ಯಾಕೆ? ಬಾಗಿಲಾಚೆ ಹಾಕು,” ಎಂದು ಮಾವ ಎದ್ದು ಕೈ ತೊಳೆದರು.

ಅವರನ್ನು ಬೀದಿಯಲ್ಲಿ, ಕಾರ್ಖಾನೆಯಲ್ಲಿ ಎಲ್ಲರೂ ಮಾಸ್ಟರು ಎನ್ನುತ್ತಿದ್ದರು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವರು ಕಟಿಂಗ್ ಮಾಸ್ಟರು. ಅಂಗಿಯ ತೋಳು, ಬೆನ್ನು, ಕಾಲರು, ಜೇಬು ಎಲ್ಲವನ್ನೂ ಬಟ್ಟೆಯ ಅಗಲದೊಳಗೆ ಬೆರಳಷ್ಟು ಜಾಗವೂ ಹಾಳಾಗದಂತೆ ಕೂರಿಸುವುದು ಅವರ ಕೆಲಸ. ಮೊದಲೆಲ್ಲ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೇ ಗೆರೆ ಹಾಕುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಅದನ್ನು ಕಲಿಸಲು ಸಾಫ್ಟ್‌ವೇರ್ ಕಂಪನಿಯವರು ಕಳಿಸಿದ ಹುಡುಗಿಯೇ ಈ ಸೊಸೆ. ಮೌಸು ಹಿಡಿಯಲೂ ಬಾರದಿದ್ದ ಮಾಸ್ಟರ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಒಂದು ದಿನವೂ ಮುಖ ಗಂಟು ಹಾಕಿಕೊಳ್ಳದೆ ಕಲಿಸಿದಳು. ಕಲಿತು ಮುಗಿದ ಸಂಜೆ ಮಾಸ್ಟರು ಮನೆಗೆ ಬಂದು, “ನಮ್ಮವನಿಗೆ ಹುಡುಗಿ ಸಿಕ್ಕಿದಾಳೆ,” ಎಂದಿದ್ದರು. ಅವರ ಮಗ ಲಿಫ್ಟ್ ಮೆಕ್ಯಾನಿಕ್, ಇಡೀ ದಿನ ಗ್ರೀಸು ಮೆತ್ತಿಕೊಂಡು ಓಡಾಡುವವನು. ಹುಡುಗಿ ಅವನನ್ನು ನೋಡಿದಳು, ಒಪ್ಪಿದಳು, ಮನೆಗೆ ಬಂದಳು.

ಈಗ ಅವಳು ಊರೂರು ತಿರುಗಿ ಕಲಿಸುವ ಕೆಲಸ ಬಿಟ್ಟು, ಪರದೆ ಹೇಗೆ ಕಾಣಬೇಕು ಎಂದು ತೀರ್ಮಾನಿಸುವ ಗುಂಪಿಗೆ ಸೇರಿದ್ದಳು. ಪರದೆಯ ನೆತ್ತಿಯ ಮೇಲೆ ಗುಂಡಿಗಳ ಪಟ್ಟಿಯೊಂದಿತ್ತು. ಪ್ರತಿ ಗುಂಡಿಯ ಮೇಲೂ ಅದರ ಕೆಲಸದ ಹೆಸರಿತ್ತು. ಆ ಹೆಸರುಗಳನ್ನು ಅಳಿಸಿ ಚಿಕ್ಕ ಚಿತ್ರಗಳನ್ನು ಹಾಕಿ, ಗುಂಡಿಗಳನ್ನು ಹೊಸ ಕ್ರಮದಲ್ಲಿ ಕೂರಿಸಿದವಳು ಇವಳೇ. ಆ ಪಟ್ಟಿ ಅಂದು ಬೆಳಿಗ್ಗೆ ಎಲ್ಲ ಕಾರ್ಖಾನೆಗಳ ಪರದೆಗೂ ಬಂದಿತ್ತು. ಹಿಂದಿನ ದಿನ ಮನೆಯಲ್ಲಿ ಒಂದು ಮಾತು ಹೇಳಬಹುದಿತ್ತು. ಕಂಪನಿಯ ವಿಷಯ ಹೊರಗೆ ಹೇಳಬಾರದೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

“ಹೇಳಿದ್ರೆ ನಾನೇನು ಡಂಗುರ ಹೊಡೀತಿದ್ನಾ?” ಎಂದು ಮಾವ ಮಾರನೆಯ ದಿನ ಚಹಾ ಕುಡಿಯುತ್ತ ಕೇಳಿದರು. “ಮೊದಲು ನೀನೇ ಕಲಿಸಿದೆ. ಈಗ ಕಲಿತಿದ್ದನ್ನ ನೀನೇ ಕಿತ್ಕೊಂಡೆ.”

“ಕಿತ್ಕೊಂಡಿಲ್ಲ ಮಾವ. ಎಲ್ಲಾ ಅಲ್ಲೇ ಇದೆ. ಜಾಗ ಬೇರೆ, ಅಷ್ಟೇ.”

“ಅಳಿಯ ಅಲ್ಲ, ಮಗಳ ಗಂಡ. ಹಾಗಾದ್ರೆ ಯಾಕೆ ಮುಟ್ಟಿದ್ರಿ?”

ಸೊಸೆ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೆ ಓಡಿದಳು.

ವಾರದ ಕೊನೆಯಲ್ಲಿ ಮಾಸ್ಟರು ಮಗಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಮಗಳು ಅದೇ ಕಾರ್ಖಾನೆಯಲ್ಲಿ ತೋಳು ಹೊಲಿಯುವ ಸಾಲಿನಲ್ಲಿದ್ದಳು. ಮನೆಯಲ್ಲಿ ಪುಟ್ಟಿ, ಹೊರಗೆ ಬಾಯಿಬಡುಕಿ.

“ಆ ಕಂಪನಿಯೋರು ದೂರು ಬರೆಯೋಕೆ ಜಾಗ ಕೊಟ್ಟಿದಾರಂತಲ್ಲ. ನಿನ್ನ ಮೊಬೈಲಲ್ಲಿ ತೆಗಿ. ನಾನು ಹೇಳ್ತೀನಿ, ನೀನು ಬರಿ.”

“ಅತ್ತಿಗೆಗೆ ಗೊತ್ತಾದ್ರೆ?”

“ಗೊತ್ತಾಗ್ಲಿ ಅಂತಲೇ ಬರೆಸ್ತಿರೋದು. ಬರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.”

“ಇದೇ ಮೊದಲನೇ ವಾಕ್ಯನಾ ಅಪ್ಪ?”

“ಇದೇ. ಗುಂಡಿ ಮೇಲಿದ್ದ ಅಕ್ಷರ ನಿಮ್ಮಪ್ಪನ ಮನೆ ಗಂಟು ತಿಂತಿತ್ತಾ? ಈಗ ಹಾಕಿರೋ ಚಿತ್ರ ಇರುವೆಯೋ ಕತ್ತರಿಯೋ ಗೊತ್ತಾಗಲ್ಲ. ಇದನ್ನ ಮಾಡಿದೋರನ್ನ ಒಂದು ದಿನ ನನ್ನ ಕುರ್ಚೀಲಿ ಕೂರಿಸಿ. ಸಂಜೆ ಹೊತ್ತಿಗೆ ಅವರ ಬಟ್ಟೆ ಅವರೇ ಹರ್ಕೋತಾರೆ.”

ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು. “ಮಾಡಿದೋಳು ನಮ್ಮನೇಲೇ ಇದಾಳಲ್ಲರೀ. ಬಾಯಲ್ಲೇ ಹೇಳಬಾರದಾ?”

“ಬಾಯಲ್ಲಿ ಹೇಳಿದ್ರೆ ಬೊಗಳಿದ ಹಾಗೆ. ಬರೆದ್ರೆ ದೂರು.”

“ಹೆಸರು ಏನು ಹಾಕ್ಲಿ?” ಎಂದಳು ಪುಟ್ಟಿ.

“ಮಾಸ್ಟರ್ ಅಂತ ಹಾಕು. ಕಟಿಂಗ್ ಮಾಡೋ ಎಲ್ಲರೂ ಮಾಸ್ಟರೇ.”

ಕಂಪನಿಯಲ್ಲಿ ವಾರಕ್ಕೊಮ್ಮೆ ದೂರುಗಳನ್ನು ಗಟ್ಟಿಯಾಗಿ ಓದುವ ರೂಢಿ. ಚಹಾದ ಜೊತೆ ಅದೊಂದು ಮೋಜು. ಮ್ಯಾನೇಜರು ಇರುವೆ, ಕತ್ತರಿ ಎಂದು ಓದಿದಾಗ ಮೇಜಿನ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆಗೆ ಜುಟ್ಟು ಎಂದಾಗಲೇ ಇದು ಯಾರ ಬಾಯಿ ಎಂದು ಗೊತ್ತಾಗಿತ್ತು. ಎಲ್ಲರೂ ನಗುವಾಗ ಒಬ್ಬಳೇ ಹೇಗೆ ಸುಮ್ಮನಿರುವುದು? ಅವಳೂ ನಕ್ಕಳು.

ಸಂಜೆ ಮಹಡಿಯ ಮೇಲೆ ಗಂಡನ ಜೊತೆ ಒಗೆದ ಬಟ್ಟೆ ಹರವುತ್ತ ಹೇಳಿದಳು. ಅವನು ತನ್ನ ಕೆಲಸದ ಪ್ಯಾಂಟನ್ನು ಹಿಂಡುತ್ತಿದ್ದ.

“ಲಿಫ್ಟಲ್ಲಿ ಐದನೇ ಮಹಡಿ ಗುಂಡೀನ ಎರಡರ ಜಾಗಕ್ಕೆ ಇಟ್ರೆ ನನ್ನ ಕೆಲಸ ಅವತ್ತೇ ಹೋಗತ್ತೆ,” ಎಂದ.

“ಲಿಫ್ಟಲ್ಲಿ ಎಷ್ಟು ಗುಂಡಿ? ಇದರಲ್ಲಿ ನೂರಿದೆ. ಹೊಸದಾಗಿ ಬಂದೋರು ಹುಡುಕಿ ಹುಡುಕಿ ಅಳ್ತಿದ್ರು. ಕಲಿಸ್ತಿದ್ದೋಳು ನಾನು, ನನಗೆ ಗೊತ್ತಿಲ್ವಾ? ನಿಮ್ಮಪ್ಪ ಕಲಿಯೋಕೆ ತಿಂಗಳು ಹಿಡೀತು. ಅವರ ಕೈಕೆಳಗೆ ಕೆಲಸ ಮಾಡೋ ಆ ಕನ್ನಡಕದೋನು ಹೊಸ ಪಟ್ಟೀಲಿ ಅರ್ಧ ದಿನಕ್ಕೆ ಕಲ್ತಿದಾನೆ.”

“ಇದನ್ನ ಅಪ್ಪನ ಮುಂದೆ ಹೇಳಬೇಡ.”

“ಯಾಕೆ, ಸುಳ್ಳಾ?”

“ನಿಜ. ಅದಕ್ಕೇ ಹೇಳಬೇಡ ಅಂದಿದ್ದು.”

ಎರಡನೆಯ ವಾರ ಅನಾಹುತ ಆಯಿತು.

ಅಂದು ಪುಟ್ಟಿ ಅಪ್ಪನಿಗಿಂತ ಮೊದಲೇ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ನೇರ ಅಡುಗೆಮನೆಗೆ ಹೋಗಿ, ಚೀಲದಿಂದ ನೀಲಿ ಬಟ್ಟೆಯ ಎರಡು ತುಂಡು ತೆಗೆದು ಕಟ್ಟೆಯ ಮೇಲೆ ಹರವಿದಳು.

“ಏನೇ ಇದು?” ಎಂದರು ಅತ್ತೆ.

“ಅಂಗಿ ತೋಳು. ನೋಡಮ್ಮ, ಇದು ಎಡ. ಇದೂ ಎಡ.”

“ಅದಕ್ಕೇನೀಗ?”

“ಎಲ್ಲಾ ಎಡ. ಇಡೀ ಆರ್ಡರಲ್ಲಿ ಒಂದು ಬಲ ತೋಳು ಇಲ್ಲ. ನನ್ನ ಮಿಷಿನ್ ಹತ್ರ ಬಂದ ಕಟ್ಟು ಬಿಚ್ಚಿ, ಜೋಡಿ ಸಿಗ್ತಿಲ್ಲ ಅಂತ ಪಕ್ಕದೋಳನ್ನ ಕೇಳಿದೆ. ಅವಳ ಹತ್ರಾನೂ ಎಡ. ಸಾಲು ಪೂರ್ತಿ ಎದ್ದು ನಿಂತ್ಕೊಂಡ್ವಿ.”

ಸೊಸೆ ಆಗ ತಾನೇ ಬಂದು ಬಾಗಿಲಲ್ಲಿ ನಿಂತಿದ್ದಳು. ತೋಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಬಟ್ಟೆಯ ಒಂದು ಮೈ ನುಣುಪು, ಇನ್ನೊಂದು ಮೈ ಒರಟು. ಎರಡೂ ಮೈ ಒಂದೇ ಥರ ಇದ್ದಿದ್ದರೆ ಮಗುಚಿ ಹಾಕಿ ಬಲ ತೋಳು ಮಾಡಬಹುದಿತ್ತು. ಇದರಲ್ಲಿ ಆ ದಾರಿ ಇರಲಿಲ್ಲ.

“ಯಾವ ಗುಂಡಿ ಒತ್ತಿದ್ರಂತೆ?” ಎಂದಳು. ಕೇಳುವ ಮೊದಲೇ ಅವಳಿಗೆ ಗೊತ್ತಿತ್ತು.

ಹಳೆಯ ಪಟ್ಟಿಯಲ್ಲಿ ಎಡದಿಂದ ಮೂರನೆಯದು ಜೋಡಿ ಗುಂಡಿ. ಎಡ ತೋಳು ಬರೆದು ಅದನ್ನೊತ್ತಿದರೆ ಕನ್ನಡಿಯಲ್ಲಿ ಕಂಡಂತೆ ಬಲ ತೋಳು ಬರುತ್ತಿತ್ತು. ಹೊಸ ಪಟ್ಟಿಯಲ್ಲಿ ಆ ಜಾಗಕ್ಕೆ ನಕಲು ಗುಂಡಿ ಬಂದಿತ್ತು. ಎಡ ತೋಳಿಗೆ ಅದನ್ನೊತ್ತಿದರೆ ಇನ್ನೊಂದು ಎಡ ತೋಳೇ ಬರುತ್ತದೆ. ಹೊಸಬರು ನಕಲನ್ನೇ ಹೆಚ್ಚು ಬಳಸುತ್ತಾರೆ, ಅದು ಕೈಗೆ ಹತ್ತಿರವಿರಲಿ ಎಂದು ಸೊಸೆಯೇ ಅಲ್ಲಿಟ್ಟಿದ್ದಳು. ಮಾಸ್ಟರು ಬೇರೆ ಗುಂಡಿಗಳನ್ನೆಲ್ಲ ಬಯ್ಯುತ್ತ ಹುಡುಕಿ ಒತ್ತುತ್ತಿದ್ದರು. ಇದೊಂದನ್ನು ಹುಡುಕುವ ಅಭ್ಯಾಸವೇ ಅವರಿಗಿರಲಿಲ್ಲ. ಕಣ್ಣು ಬಟ್ಟೆಯ ಅಗಲದ ಮೇಲಿತ್ತು, ಕೈ ತಾನಾಗಿ ಮೂರನೆಯದಕ್ಕೆ ಹೋಯಿತು. ಕೊನೆಗೆ ತುಂಡುಗಳ ಲೆಕ್ಕ ನೋಡಿದರು. ಅಂಗಿಗೆ ಎರಡರಂತೆ ತೋಳುಗಳ ಲೆಕ್ಕ ಸರಿಯಾಗಿತ್ತು. ಕತ್ತರಿಸಲು ಕಳಿಸಿದರು.

ಮಾಸ್ಟರು ಬಂದಾಗ ಕತ್ತಲಾಗುತ್ತಿತ್ತು. ಕಟ್ಟೆಯ ಮೇಲಿದ್ದ ತೋಳುಗಳನ್ನು ನೋಡಿದರು.

“ಮನೆವರೆಗೂ ತಂದ್ಯಾ? ಗೋಡೆಗೆ ಮೊಳೆ ಹೊಡೆದು ನೇತು ಹಾಕು.”

“ಯಜಮಾನಿ ಮೇಡಂ ಏನಂದ್ರಪ್ಪ?”

“ಏನಂತಾರೆ? ಕನ್ನಡಕದೋನನ್ನ ನನ್ನ ಕುರ್ಚೀಲಿ ಕೂರಿಸಿದ್ರು. ನನ್ನನ್ನ ಕಟ್ಟು ಕಟ್ಟೋ ಮೇಜಿಗೆ ಹಾಕಿದ್ರು. ಹಾಳಾದ ಬಟ್ಟೆಗೆ ಬದಲು ಬಟ್ಟೆ ಬರೋವರೆಗೆ ಅಲ್ಲೇ ಇರಿ ಅಂದ್ರು. ಬಂದ ದಿನ ಒಂದು ಸಲ ಕೂತು ತೋರಿಸಬೇಕಂತೆ. ಆಗ್ಲಿಲ್ಲ ಅಂದ್ರೆ ಕುರ್ಚಿ ಅವನದೇ.” ಮಾಸ್ಟರು ನೀರಿನ ಲೋಟ ಎತ್ತಿಕೊಂಡರು, ಕುಡಿಯದೆ ಇಟ್ಟರು. “ನಾನು ಗೆರೆ ಹಾಕೋದು ಕಲಿಸಿದ್ದು ಅವನಿಗೆ. ಇವತ್ತು ನಾನು ಅವನು ಕತ್ತರಿಸಿದ್ದಕ್ಕೆ ದಾರ ಸುತ್ತಬೇಕು.”

“ಮಾವ,” ಎಂದಳು ಸೊಸೆ.

“ನೀನು ಮಾತಾಡಬೇಡ. ಮೂರು ವಾರ ಇನ್ನೂ ಆಗಿಲ್ಲ. ಬೊಗಳೋದು ಬಾಕಿ ಇದೆ.”

ಆ ವಾರ ಮನೆಯಲ್ಲಿ ಊಟ ಎರಡು ಸರದಿಯಾಯಿತು. ಮೊದಲು ಮಾವ, ಪುಟ್ಟಿ. ಆಮೇಲೆ ಸೊಸೆ, ಅವಳ ಗಂಡ. ಅತ್ತೆ ಎರಡೂ ಸರದಿಗೆ ಬಡಿಸಿ ಕೊನೆಗೆ ನಿಂತುಕೊಂಡೇ ತಿನ್ನುತ್ತಿದ್ದರು.

ಬಡಿಸಿ ಬಡಿಸಿ ಸಾಕಾದ ಅತ್ತೆಗೂ ಸಿಟ್ಟು ಬಂತು. ಅವರ ಸಿಟ್ಟು ಬಾಯಲ್ಲಿ ಬರುವುದಿಲ್ಲ, ಕೈಯಲ್ಲಿ ಬರುತ್ತದೆ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿದರು. ಉಪ್ಪು ಇದ್ದಲ್ಲಿ ಸಕ್ಕರೆ ಇಟ್ಟರು. ಬೇಳೆ ಇದ್ದಲ್ಲಿ ಸೋಪಿನ ಪುಡಿ. ಚಹಾಪುಡಿಯನ್ನು ಅಟ್ಟಕ್ಕೆ ಏರಿಸಿದರು. ಸೌಟುಗಳನ್ನು ಚಮಚಗಳ ಗೂಡಿಗೆ, ಚಮಚಗಳನ್ನು ಹಳೇ ಬಿಸ್ಕತ್ತಿನ ಡಬ್ಬಕ್ಕೆ ತುಂಬಿದರು. ಡಬ್ಬಗಳ ಮೇಲೆ ಅಂಟಿಸಿದ್ದ ಚೀಟಿಗಳನ್ನೂ ಉಗುರಿನಿಂದ ಕೆರೆದು ತೆಗೆದರು.

ಬೆಳಿಗ್ಗೆ ಸೊಸೆ ಚಹಾಕ್ಕೆ ನೀರಿಟ್ಟು ಕೈ ಚಾಚಿದಳು. ಕೈಗೆ ಸಾಸಿವೆ ಬಂತು.

“ಅತ್ತೆ, ಚಹಾಪುಡಿ ಎಲ್ಲಿ?”

“ಎಲ್ಲಾ ಇಲ್ಲೇ ಇದೆಯಮ್ಮ. ಜಾಗ ಬೇರೆ, ಅಷ್ಟೇ. ಚೆಂದ ಕಾಣಲಿ ಅಂತ ಮಾಡಿದೆ.”

ಸೊಸೆ ಒಲೆ ಆರಿಸಿದಳು. “ನನಗೆ ಬುದ್ಧಿ ಕಲಿಸೋಕಾ?”

“ಬುದ್ಧಿ ನಿನಗ್ಯಾಕೆ, ಓದಿದೋಳು. ಮೂರು ವಾರ ಹುಡುಕು. ಆಮೇಲೆ ನೀನೇ ಸುಮ್ಮನಾಗ್ತೀಯ.”

“ಚಹಾ ಸಿಗತ್ತೋ ಇಲ್ವೋ ಅದು ಹೇಳಿ,” ಎಂದು ಹೊರಗಿನಿಂದ ಮೆಕ್ಯಾನಿಕ್ ಕೂಗಿದ.

“ನಿನ್ನ ಹೆಂಡ್ತೀನ ಕೇಳು.”

ಆದರೆ ಆ ದಿನ ರಾತ್ರಿಯ ಅಡುಗೆ ಮಾಡಬೇಕಾದವರು ಅತ್ತೆಯೇ. ಸೊಸೆ ಕೆಲಸದ ಮೇಲೆ ಹೋಗಿದ್ದಳು. ಸಂಜೆ ಅವಳು ಬಂದಾಗ ಮನೆಯೆಲ್ಲ ಸೀದ ವಾಸನೆ. ಅತ್ತೆ ಅಂಗೈಯನ್ನು ನೀರಿನ ಪಾತ್ರೆಯಲ್ಲಿ ಅದ್ದಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಎಣ್ಣೆ ಕಾಯಲು ಇಟ್ಟು ಸೌಟಿಗೆ ಕೈ ಚಾಚಿದ್ದಾರೆ. ಸೌಟು ಇರಲಿಲ್ಲ. ತಾವೇ ಎಲ್ಲಿಟ್ಟೆವೆಂದು ನೆನಪಾಗದೆ ತಡಕಾಡುವಷ್ಟರಲ್ಲಿ ಎಣ್ಣೆ ಹೊಗೆಯಾಡಿತು. ಬಾಣಲೆಯನ್ನು ಬರಿಗೈಯಲ್ಲಿ ಎಳೆದಿದ್ದರು.

ಸೊಸೆ ಕೈ ಹಿಡಿದು ನೋಡಿದಳು. ಮುಲಾಮು ಹಚ್ಚಿದಳು. ಅತ್ತೆ ಮುಖ ಅತ್ತ ತಿರುಗಿಸಿಕೊಂಡೇ ಇದ್ದರು.

“ಬದಲಾಯಿಸಿದೋಳು ನಾನೇ ಕಣೆ,” ಎಂದರು. “ನನ್ನ ಕೈಗೇ ಗೊತ್ತಿರಲಿಲ್ಲ.”

“ಹಳೇ ಜಾಗಕ್ಕೇ ಇಡೋಣ ಬನ್ನಿ.”

“ಇಡು. ನನಗೆ ಒಂದು ಕೈಯಲ್ಲಿ ಆಗಲ್ಲ.”

ಸೊಸೆ ಡಬ್ಬಗಳನ್ನು ಒಂದೊಂದಾಗಿ ತಿರುಗಿ ಇಟ್ಟಳು. ಎಲ್ಲಿ ಎಂದು ಅತ್ತೆ ಹೇಳಬೇಕಾಗಿ ಬರಲಿಲ್ಲ. ಅಂದು ಅವಳು ಊಟ ಮಾಡಲಿಲ್ಲ. ಮೊಬೈಲು ಹಿಡಿದು ಬೇರೆ ಬೇರೆ ಕಾರ್ಖಾನೆಗಳಲ್ಲಿ ತಾನು ಹಿಂದೆ ಕಲಿಸಿದ್ದ ಮಾಸ್ಟರುಗಳಿಗೆ ಫೋನು ಮಾಡುತ್ತ ಕೂತಳು. ಬಹಳ ಜನ ಬಯ್ದರು. ಒಬ್ಬರು ಅತ್ತರು. ಇನ್ನೂ ಇಬ್ಬರು ಅದೇ ಗುಂಡಿಯಿಂದ ಬಟ್ಟೆ ಹಾಳು ಮಾಡಿ, ಹೇಳಿದರೆ ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದರು.

ಮುಂದಿನ ವಾರದ ಚಹಾ ಹೊತ್ತಿಗೆ ಅವಳು ಎದ್ದು ನಿಂತಳು.

“ಜೋಡಿ ಗುಂಡೀನ ಹಳೇ ಜಾಗಕ್ಕೆ ಹಾಕಬೇಕು ಸರ್. ಹೆಸರಿನ ಸಮೇತ.”

“ಯಾರೋ ಒಬ್ಬ ಮುದುಕ ನೋಡದೆ ಒತ್ತಿದ ಅಂತನಾ?” ಎಂದರು ಎಡ ತೋಳಿನ ಸುದ್ದಿ ಆಗಲೇ ಕೇಳಿದ್ದ ಮ್ಯಾನೇಜರು. “ಕುಣಿಯಲಾರದವರಿಗೆ ನೆಲ ಡೊಂಕು.”

“ಆ ಮುದುಕರು ನಮ್ಮ ಮಾವ. ಜುಟ್ಟಿಗೆ ಮಲ್ಲಿಗೆ ಅಂತ ಓದಿ ನಕ್ಕಿರಲ್ಲ, ಅದೂ ಅವರೇ ಬರೆಸಿದ್ದು. ನಾನೂ ನಕ್ಕೆ. ಅವರೊಬ್ಬರೇ ಅಲ್ಲ, ಇನ್ನೂ ಎರಡು ಕಾರ್ಖಾನೇಲಿ ಹೀಗೇ ಆಗಿದೆ. ಯಾವ ಗುಂಡಿ ಎಲ್ಲಿಗೆ ಬಂದ್ರೂ ಹುಡುಕ್ತಾರೆ, ಬಯ್ತಾರೆ, ಒತ್ತುತಾರೆ. ಇದೊಂದನ್ನ ಹುಡುಕಲ್ಲ. ಹಳೇ ಜಾಗದಲ್ಲಿ ಏನೂ ಇಲ್ಲದಿದ್ರೆ ಕೈ ನಿಲ್ತಿತ್ತು. ಅಲ್ಲಿ ಹೆಚ್ಚೂಕಡಿಮೆ ಅದೇ ಥರದ್ದು ಇಟ್ಟಿದೀವಿ. ಇಟ್ಟೋಳು ನಾನು.”

ಮ್ಯಾನೇಜರು ಪೆನ್ನು ತೆಗೆದು ಬರೆದುಕೊಂಡರು. ಗುಂಡಿ ಹಳೆಯ ಜಾಗಕ್ಕೆ ಹೋಗಲಿ ಎಂದರು. ಜೊತೆಗೆ, ಸ್ವಂತ ಮನೆಯ ವಿಷಯ ತಂದು ಸೇರಿಸುವವರ ಕೈಯಲ್ಲಿ ತೀರ್ಮಾನ ಬಿಡಲಾಗದು, ಸ್ವಲ್ಪ ಕಾಲ ದೂರು ವಿಭಾಗ ನೋಡಿಕೊಳ್ಳಿ ಎಂದರು. ದೂರು ವಿಭಾಗವೆಂದರೆ ಶೌಚಾಲಯದ ಪಕ್ಕದ ಒಂದು ಮೇಜು.

ಈ ಸುದ್ದಿಯನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಗುಂಡಿ ಬಂದ ಮೇಲೆ ಮಾವನೇ ನೋಡಲಿ, ಆಗ ತಾನಾಗಿ ಮಾತು ಬರುತ್ತದೆ ಎಂದುಕೊಂಡಳು.

ಮಾವನೂ ಮನೆಯಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದರು. ಕಟ್ಟು ಕಟ್ಟುವ ಮೇಜಿನಿಂದ ಕನ್ನಡಕದವನ ಪರದೆ ಕಾಣುತ್ತಿತ್ತು. ಅದನ್ನು ನೋಡಿ ನೋಡಿ, ಅಂಗಿಯ ಅಳತೆಯ ಒಂದು ರಟ್ಟಿನ ಮೇಲೆ ಹೊಸ ಪಟ್ಟಿಯನ್ನು ಬರೆದುಕೊಂಡಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಮನೆಯ ಹಿತ್ತಿಲಲ್ಲಿ ಬೆರಳಿಂದ ಕುಟ್ಟುತ್ತಿದ್ದರು. ಜೋಡಿ ಈಗ ಏಳನೆಯದು. ಏಳು, ಏಳು, ಏಳು. ಊಟ ಮಾಡುವಾಗಲೂ ಎಡಗೈ ಬೆರಳು ಮೇಜಿನ ಮೇಲೆ ಓಡಾಡುವುದನ್ನು ಕಂಡು ಅತ್ತೆ, “ನರ ಎಳೀತಿದೆಯಾ? ಡಾಕ್ಟರಿಗೆ ತೋರಿಸಿ,” ಎಂದಿದ್ದರು.

ಬದಲು ಬಟ್ಟೆ ಬಂತು. ಸೋಮವಾರ ಕೂರಬೇಕೆಂದು ಯಜಮಾನಿ ಹೇಳಿಕಳಿಸಿದರು.

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಒಟ್ಟಿಗೆ ಕೂರದಿದ್ದರೆ ಬಡಿಸುವುದಿಲ್ಲ ಎಂದು ಅತ್ತೆ ಸುಟ್ಟ ಕೈಯನ್ನು ತೋರಿಸಿ ಹೇಳಿದ್ದರು. ಅರ್ಧ ಊಟವಾದಾಗ ಮಾವ ಗೋಡೆಗೆ ಒರಗಿಸಿದ್ದ ರಟ್ಟನ್ನು ತೆಗೆದು ಸೊಸೆಯ ತಟ್ಟೆಯ ಪಕ್ಕಕ್ಕೆ ತಳ್ಳಿದರು.

“ಕೇಳು, ಯಾವುದು ಬೇಕಾದ್ರೂ ಕೇಳು. ಕಣ್ಣು ಮುಚ್ಕೊಂಡು ತೋರಿಸ್ತೀನಿ.”

ಸೊಸೆ ರಟ್ಟನ್ನು ನೋಡಿದಳು. ಅಷ್ಟೂ ಚಿತ್ರಗಳು, ಅಡಿಯಲ್ಲಿ ಸೀಮೆಸುಣ್ಣದ ಅಕ್ಷರದಲ್ಲಿ ಹೆಸರುಗಳು.

“ಕೇಳಮ್ಮ. ಜೋಡಿ ಎಲ್ಲಿ ಅಂತ ಕೇಳು. ಏಳನೇದು. ನಾಳೆ ಅದು ಹೆಂಗೆ ಎಡ ತೋಳು ಬರತ್ತೋ ನೋಡ್ತೀನಿ.”

“ಮಾವ,” ಎಂದಳು. “ನಾಳೆ ಅದು ಏಳನೇದಾಗಿರಲ್ಲ.”

“ಅಂದ್ರೆ?”

“ಹಳೇ ಜಾಗಕ್ಕೆ ಹಾಕಿಸಿದೀನಿ. ಮೂರಕ್ಕೆ. ಅದಕ್ಕೆ ಜಾಗ ಬಿಡೋಕೆ ಮೂರರಿಂದ ಆರರವರೆಗಿನವೂ ಒಂದೊಂದು ಮುಂದಕ್ಕೆ ಹೋಗಿವೆ. ನಾಳೆ ಬೆಳಿಗ್ಗೆ ಆನ್ ಮಾಡೋಷ್ಟರಲ್ಲಿ ಬಂದಿರತ್ತೆ.”

ಮೆಕ್ಯಾನಿಕ್ ಫಕ್ಕನೆ ನಕ್ಕ. ಅನ್ನ ನೆತ್ತಿಗೇರಿ ಕೆಮ್ಮಿದ.

“ನಗ್ತೀಯಲ್ಲೋ, ಸೌಟಲ್ಲಿ ಬಾರಿಸ್ತೀನಿ,” ಎಂದರು ಅತ್ತೆ.

ಮಾವ ನಗಲಿಲ್ಲ. ಅವರ ಬೆರಳು ರಟ್ಟಿನ ಏಳನೆಯ ಗುಂಡಿಯ ಮೇಲೇ ಇತ್ತು.

“ನಿಲ್ಲಿಸೋಕಾಗಲ್ವಾ?”

“ನನ್ನ ಕೈಲಿಲ್ಲ. ನನ್ನನ್ನ ಅಲ್ಲಿಂದ ತೆಗೆದಿದಾರೆ.”

“ತೆಗೆದು?”

“ದೂರು ಓದೋ ಮೇಜಿಗೆ ಹಾಕಿದಾರೆ.”

“ಅಪ್ಪ ಇನ್ಮೇಲೆ ಬಯ್ಯೋಕೆ ದೂರ ಹೋಗಬೇಕಿಲ್ಲ,” ಎಂದು ಪುಟ್ಟಿ ಮೆಲ್ಲಗೆ ಅಂದಳು.

“ನನಗೋಸ್ಕರ ಮಾಡಿದ್ಯಾ?” ಎಂದರು ಮಾವ. ದನಿ ಏರಿತು. “ಮಾಡೋ ಮುಂಚೆ ನನ್ನ ಒಂದು ಮಾತು ಕೇಳಿದ್ಯಾ? ನಾನು ಈ ವಯಸ್ಸಲ್ಲಿ ಬಸ್ಸಲ್ಲಿ ಕೂತು ರಟ್ಟು ಕುಟ್ಟಿದೀನಿ. ಪಕ್ಕದೋರು ಹುಚ್ಚ ಅಂದ್ಕೊಂಡ್ರು.”

“ಮೊದಲನೇ ಸಲ ಕೇಳಲಿಲ್ಲ. ಎರಡನೇ ಸಲಾನೂ ಕೇಳಲಿಲ್ಲ. ಎರಡು ಸಲವೂ ನನ್ನದೇ ತಪ್ಪು,” ಎಂದಳು ಸೊಸೆ. “ನೀವು ಕಲೀತಿದೀನಿ ಅಂತ ನನಗೆ ಹೇಳಿದ್ರಾ?”

ಮಾವ ಎಂಜಲು ಕೈಯಲ್ಲೇ ರಟ್ಟನ್ನು ಮಗುಚಿ ಹಾಕಿದರು.

“ಬರಿ ಇಲ್ಲಿ. ನಾಳೆ ಹೆಂಗಿರತ್ತೋ ಹಂಗೆ.”

“ಇದನ್ನೂ ಕುಟ್ಟಿ ಕಲೀಬೇಡಿ ಮಾವ. ನಿಮ್ಮ ಕೈಗೆ ಈಗ ಮೂರೂ ಗೊತ್ತು, ಏಳೂ ಗೊತ್ತು. ಯಾವಾಗ ಎಲ್ಲಿಗೆ ಹೋಗತ್ತೋ ಹೇಳೋಕಾಗಲ್ಲ. ನಾಳೆ ಒಂದು ದಿನ ಕೈ ನಂಬಬೇಡಿ. ಪ್ರತಿಯೊಂದನ್ನೂ ನೋಡಿ, ಓದಿ, ಆಮೇಲೆ ಒತ್ತಿ.”

“ಇಷ್ಟು ವರ್ಷ ಈ ಕೈ ನಂಬಿಯೇ ನಿಮಗೆಲ್ಲ ಅನ್ನ ಹಾಕಿದೀನಿ.”

“ನಾಳೆ ಒಂದು ದಿನ,” ಎಂದಳು ಸೊಸೆ.

ಸೋಮವಾರ ಕಟಿಂಗ್ ಕೋಣೆಯಲ್ಲಿ ಕನ್ನಡಕದವನು ಕುರ್ಚಿ ಬಿಟ್ಟು ಎದ್ದು ನಿಂತ. ಯಜಮಾನಿ ಮಾಸ್ಟರ ಬೆನ್ನ ಹಿಂದೆ ಕೈ ಕಟ್ಟಿ ನಿಂತರು. ಉದ್ದನೆಯ ಮೇಜಿನ ಮೇಲೆ ಹೊಸ ಬಟ್ಟೆ ಪದರ ಪದರವಾಗಿ ಹಾಸಿತ್ತು, ನುಣುಪು ಮೈ ಮೇಲಾಗಿ.

ಮಾಸ್ಟರು ಬೆನ್ನು ಕೂರಿಸಿದರು, ಕಾಲರು ಕೂರಿಸಿದರು. ಎಡ ತೋಳು ಬರೆದರು. ಕೈ ತಾನಾಗಿ ಹೊರಟಿತು, ಏಳರ ಕಡೆಗೆ. ನಡುದಾರಿಯಲ್ಲಿ ಹಿಡಿದು ನಿಲ್ಲಿಸಿದರು. ಮೂರರ ಕಡೆಗೆ ತಿರುಗಿತು. ಅಲ್ಲೂ ನಿಲ್ಲಿಸಿದರು. ಕೈಯನ್ನು ಮೌಸಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಏನು ಮಾಸ್ಟರೇ, ಮರೆತುಹೋಯ್ತಾ?” ಎಂದರು ಯಜಮಾನಿ.

“ಇಲ್ಲ ಮೇಡಂ. ಓದ್ತಾ ಇದೀನಿ.”

“ಹೀಗೆ ಓದ್ತಾ ಕೂತ್ರೆ ಸಂಜೆ ಆಗತ್ತಲ್ಲ.”

“ಸಂಜೆ ಆಗ್ಲಿ. ಬಲ ತೋಳು ಬೇಕೋ ಬೇಡವೋ?”

ಕನ್ನಡಕದವನು ಗೋಡೆಯ ಕಡೆ ತಿರುಗಿಕೊಂಡ. ಯಜಮಾನಿ ತುಟಿ ಬಿಗಿದರು. ಮಾಸ್ಟರು ಪಟ್ಟಿಯ ಮೇಲೆ ಎಡದಿಂದ ಒಂದೊಂದೇ ಗುಂಡಿಯನ್ನು ಶಾಲೆಯ ಮಗುವಿನಂತೆ ಓದುತ್ತ ಹೋದರು. ಮೂರನೆಯದಕ್ಕೆ ಬಂದರು. ಅದರ ಮೇಲೆ ಅಕ್ಷರವಿತ್ತು. ಒತ್ತಿದರು. ಪರದೆಯ ಮೇಲೆ ಎರಡು ತೋಳುಗಳು ಒಂದಕ್ಕೊಂದು ಮುಖ ಮಾಡಿ ನಿಂತವು.

ದೂರಿನ ಮೇಜಿನಲ್ಲಿ ಸೊಸೆ ಬೆಳಿಗ್ಗೆಯಿಂದ ಓದುತ್ತಿದ್ದಳು. ಗುಂಡಿ ಯಾಕೆ ಮತ್ತೆ ಬದಲಾಯಿಸಿದಿರಿ ಎಂದು ಹೊಸಬರು ಬಯ್ದಿದ್ದರು. ಉಳಿದವನ್ನೂ ಯಾಕೆ ಹಳೆಯ ಜಾಗಕ್ಕೆ ಹಾಕಲಿಲ್ಲ ಎಂದು ಹಳಬರು ಬಯ್ದಿದ್ದರು. ಅವಳಿಗೆ ಓದಿದ್ದು ತಲೆಗೆ ಹೋಗುತ್ತಿರಲಿಲ್ಲ. ಮೊಬೈಲನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡಿದ್ದಳು. ಅದು ಸದ್ದು ಮಾಡಲಿಲ್ಲ. ಊಟದ ಬಿಡುವು ಬಂತು, ಕಳೆಯಿತು. ಆಮೇಲೆ ಪರದೆಯ ಮೇಲೆ ಇನ್ನೊಂದು ದೂರು ಬಂದು ಬಿತ್ತು.

“ಜೋಡಿ ಗುಂಡಿ ಜಾಗಕ್ಕೆ ಬಂದಿದೆ. ಅಕ್ಷರವೂ ಬಂದಿದೆ. ಉಳಿದ ಚಿತ್ರಗಳು ಈಗಲೂ ಇರುವೆಗಳೇ. ಯಾರು ಬದಲಾಯಿಸಿದರೋ ಅವರಿಗೆ ತಿಳಿಸಿ: ಇನ್ನು ಮೇಲೆ ಮುಟ್ಟುವ ಮುಂಚೆ ಕೇಳಿ. ಸೋಮವಾರ ಬೆಳಿಗ್ಗೆ ಬದಲಾಯಿಸುವವರಿಗೆ ಮೈಮೇಲೆ ಪ್ರಜ್ಞೆ ಇಲ್ಲ. ಇದನ್ನು ನನ್ನ ಕುರ್ಚಿಯಲ್ಲೇ ಕೂತು ಬರೆಸುತ್ತಿದ್ದೇನೆ. ನಾಳೆಯೂ ಇಲ್ಲೇ ಇರುತ್ತೇನೆ. ಮಾಸ್ಟರ್.”

ಸೊಸೆ ಅದನ್ನು ಎರಡು ಸಲ ಓದಿದಳು. ಕಣ್ಣೊರೆಸಿಕೊಂಡಳು. ಬಂದ ಪ್ರತಿಯೊಂದನ್ನೂ ಮೆಚ್ಚುಗೆ, ದೂರು ಎಂಬ ಎರಡು ಗೂಡುಗಳಲ್ಲಿ ಒಂದಕ್ಕೆ ಹಾಕಬೇಕಿತ್ತು. ಅವಳ ಕೈ ಸ್ವಲ್ಪ ಹೊತ್ತು ಎರಡರ ನಡುವೆ ನಿಂತಿತು.

ಮಾವನ ಸ್ವಭಾವ ಅವಳಿಗೆ ಗೊತ್ತಿತ್ತು. ದೂರಿನ ಗೂಡಿಗೇ ಹಾಕಿದಳು.